ಹನ್ನೊಂದಕ್ಕೆ ಒಂದು

ಬೀದಿಯವರೆಲ್ಲ ಅವರನ್ನು ಹೆಡ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೊಸದಾಗಿ ಪರಿಚಯವಾದವರು "ಯಾವ ಸ್ಕೂಲಲ್ಲಿ ಸಾರ್?" ಎಂದು ಕೇಳಿ ಪೆಚ್ಚಾಗುತ್ತಿದ್ದರು. ಮೇಷ್ಟ್ರು ಶಾಲೆಯ ಮೆಟ್ಟಿಲು ಹತ್ತಿದ್ದು ತಡವಾಗಿ, ಇಳಿದದ್ದು ಬೇಗ. ಇಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್ಡನ್ನು ಬಿಚ್ಚಿ, ಬಿರುಕು ಹುಡುಕಿ, ಬಾಗಿದ್ದನ್ನು ಕಡೆದು ಮಟ್ಟಸ ಮಾಡಿ ಕೊಡುವುದು ಅವರ ಕಸುಬು. ಹೆಡ್ಡಿನ ಮೇಷ್ಟ್ರು ಜನರ ಬಾಯಲ್ಲಿ ಹೆಡ್ ಮೇಷ್ಟ್ರಾದರು. ಅವರಿಗೂ ಆ ಹೆಸರು ಹಿಡಿಸಿತ್ತು, ಆದರೆ ಹಿಡಿಸಿದೆ ಎಂದು ತೋರಿಸಿಕೊಳ್ಳುವ ಜಾಯಮಾನ ಅವರದಲ್ಲ.

ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಂದು ಮೂಲೆಯಲ್ಲಿ ಕಡೆಯುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಮಟ್ಟ ನೋಡುವ ಕರಿಕಲ್ಲು. ಆ ಕಲ್ಲಿನ ಮೇಲೆ ಚಹಾದ ಲೋಟ ಇಟ್ಟವರನ್ನು ಮೇಷ್ಟ್ರು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಅವರೇ ಬಣ್ಣದಿಂದ ಬರೆದಿದ್ದರು: "ಮೊದಲು ಬಿಚ್ಚು, ಆಮೇಲೆ ಅಳೆ, ಆಮೇಲೆ ಕೊಳ್ಳು." ಗಿರಾಕಿ ಎಂಥ ಅವಸರದಲ್ಲಿದ್ದರೂ ಮೇಷ್ಟ್ರು ಆ ಗೋಡೆಯ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಅವರ ಕೈಯಿಂದ ಹೊರಗೆ ಹೋಗುವ ಪ್ರತಿ ಹೆಡ್ಡಿಗೂ, ಇಂಜಿನ್ನಿಗೆಂದು ಕತ್ತರಿಸಿಕೊಟ್ಟ ಪ್ರತಿ ತಗಡಿಗೂ ಒಂದು ಮೂಲೆಯಲ್ಲಿ ಪಂಚಿನಿಂದ ಅಕ್ಕಪಕ್ಕ ಎರಡು ಚುಕ್ಕೆ ಹೊಡೆಯುತ್ತಿದ್ದರು. ಚುಕ್ಕೆಯ ಮೂಲೆ ಇಂಜಿನ್ನಿನ ಮುಂಭಾಗಕ್ಕೆ ಬರಬೇಕು ಎಂದು ಅದರ ಅರ್ಥ. ಕೆಲಸ ಕಲಿಯುವಾಗ ಒಂದು ತಗಡನ್ನು ಹಿಂದುಮುಂದಾಗಿ ಕೂರಿಸಿ, ನೀರಿನ ದಾರಿ ಮುಚ್ಚಿಹೋಗಿ, ಗುರುವಿನ ಕೈಯಲ್ಲಿ ಬೈಸಿಕೊಂಡ ದಿನದಿಂದ ಬಂದ ಚಟ ಅದು. ಈಗ ಬೆರಳಿಗೆ ಎಷ್ಟು ರೂಢಿಯಾಗಿತ್ತೆಂದರೆ ಚುಕ್ಕೆ ಹೊಡೆದದ್ದೂ ಅವರಿಗೆ ನೆನಪಿರುತ್ತಿರಲಿಲ್ಲ.

ಇಂಥ ಅಚ್ಚುಕಟ್ಟಿನ ಮನುಷ್ಯ ಮನೆಯೊಳಗೆ ಕಾಲಿಟ್ಟ ಕೂಡಲೇ ಒಂದು ಅಚ್ಚುಕಟ್ಟಲ್ಲದ ಕೆಲಸ ಮಾಡುತ್ತಿದ್ದರು. ನಡುಮನೆಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಅದನ್ನು ದಾಟುವಾಗ ಮೊಣಕೈಯಿಂದ ಮೆಲ್ಲಗೆ ತಾಗಿಸಿ ಸೊಟ್ಟ ಮಾಡಿ ಮುಂದೆ ಹೋಗುವರು. ಹೆಂಡತಿ ಅದನ್ನು ನೆಟ್ಟಗೆ ಮಾಡುವಳು. ಮಾರನೆಯ ದಿನ ಅದು ಮತ್ತೆ ಸೊಟ್ಟ. ಕೂದಲೆಳೆಯಷ್ಟು ಓರೆಯನ್ನೂ ಕಂಡುಹಿಡಿಯುವ ಕಣ್ಣಿಗೆ ಆ ಸೊಟ್ಟ ಫೋಟೋ ನೋಡಿದರೆ ಮಾತ್ರ ಹಿತ.

ಫೋಟೋದಲ್ಲಿದ್ದವನು ಅವಳ ಮೊದಲ ಗಂಡ. ಎರಡೇ ಸೀಟಿನ, ಉದ್ದ ಮೂತಿಯ ಕೆಂಪು ಕಾರಿಗೆ ಒರಗಿಕೊಂಡು, ಲೋಕವೇ ತನ್ನದು ಎಂಬಂತೆ ನಗುತ್ತಾ ನಿಂತಿದ್ದ. ಊರು ಅವನನ್ನು ರಾಕೆಟ್ ಎನ್ನುತ್ತಿತ್ತು. ಪಂಪ್‌ಸೆಟ್ ಮಾರಲು ಊರೂರು ಸುತ್ತುವ ಕೆಲಸ, ಬಿಡುವಾದಾಗ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸುವ ಹುಚ್ಚು. ಕಾಮಾಲೆ ಬಂದು ತೀರಿಕೊಂಡ. ಅವನು ಹೋಗಿ ಎಷ್ಟೋ ವರ್ಷದ ಮೇಲೆ ಮೇಷ್ಟ್ರು ಅವಳನ್ನು ಮದುವೆಯಾದರು. ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಸ್ಕೂಲಿನ ಹಳೇ ಕಾರಿನ ಹೆಡ್ಡು ಬಾಗಿತ್ತೆಂದು ಶೆಡ್ಡಿಗೆ ಬಂದವಳು, ಮತ್ತೆ ಬಂದಳು, ಆಮೇಲೆ ಹೆಡ್ಡು ಬಾಗದಿದ್ದರೂ ಬಂದಳು.

ಅವಳ ಜೊತೆ ಆ ಕೆಂಪು ಕಾರೂ ಬಂತು, ರಾಕೆಟ್‌ನ ತಾಯಿಯೂ ಬಂದರು. ಮುದುಕಿಗೆ ಬೇರೆ ಯಾರೂ ಇರಲಿಲ್ಲ, ಸೊಸೆಯನ್ನು ಬಿಟ್ಟಿರುವ ಮನಸ್ಸೂ ಇರಲಿಲ್ಲ. ಕಾರು ಹಿತ್ತಲಿನ ಚಪ್ಪರದಡಿ ದಪ್ಪ ಬಟ್ಟೆ ಹೊದ್ದು ಮಲಗಿತು. ಮುದುಕಿ ಮಲಗುವ ಪೈಕಿಯಲ್ಲ. ಊಟಕ್ಕೆ ಕೂತರೆ ಸಾಕು, "ನನ್ನ ಮಗ ಇದ್ದಿದ್ರೆ..." ಎಂದು ಶುರು. ಮಗ ಬೆಟ್ಟ ಹತ್ತಿದ್ದು, ಮಗ ಕಪ್ಪು ಗೆದ್ದದ್ದು, ಮಗನ ಇಂಜಿನ್ನು ಹನ್ನೊಂದಕ್ಕೆ ಒಂದು ಇದ್ದದ್ದು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದು ಮೇಷ್ಟ್ರು ಮನಸ್ಸಿನಲ್ಲೇ ಅಂದುಕೊಂಡು ತಟ್ಟೆ ಬರಿದು ಮಾಡಿ ಏಳುವರು.

ಆ ಹನ್ನೊಂದಕ್ಕೆ ಒಂದು ಎಂಬುದೇ ಅವರ ಗಂಟಲಿಗೆ ಸಿಕ್ಕಿಕೊಂಡ ಮುಳ್ಳು. ಇಂಜಿನ್ನು ತಾನು ಒಳಗೆಳೆದುಕೊಂಡ ಗಾಳಿಯನ್ನೂ ಪೆಟ್ರೋಲನ್ನೂ ಎಷ್ಟು ಒತ್ತುತ್ತದೆ ಎಂಬ ಲೆಕ್ಕ ಅದು. ಹನ್ನೊಂದು ಚೊಂಬಿನಷ್ಟನ್ನು ಒಂದು ಚೊಂಬಿನೊಳಗೆ ಒತ್ತಿದರೆ ಹನ್ನೊಂದಕ್ಕೆ ಒಂದು. ಹೆಚ್ಚು ಒತ್ತಿದಷ್ಟೂ ಕಸುವು ಹೆಚ್ಚು. ಆದರೆ ಮಿತಿ ಮೀರಿದರೆ ಪೆಟ್ರೋಲು ತನ್ನ ಸರದಿಗೆ ಕಾಯದೆ ಹೊತ್ತಿಕೊಂಡು ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು ಹಾಕುತ್ತದೆ. ಇಂಜಿನ್ನು ಕುಟ್ಟುತ್ತಿದೆ ಎನ್ನುವುದು ಇದಕ್ಕೇ. ಹಳೇ ಸ್ಪೋರ್ಟ್ಸ್ ಕಾರು ತಂದವರಿಗೆಲ್ಲ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: "ಒಂಬತ್ತೂವರೆ ದಾಟಬೇಡಿ. ಬಂಕಲ್ಲಿ ಸಿಗೋ ಪೆಟ್ರೋಲಿಗೆ ಅಷ್ಟೇ ಯೋಗ್ಯತೆ." ಹಾಗಿರುವಾಗ ಆ ಮಾರಾಯ ಅದೇ ಪೆಟ್ರೋಲು ಹಾಕಿ ಹನ್ನೊಂದರಲ್ಲಿ ಬೆಟ್ಟ ಹೇಗೆ ಹತ್ತಿದ? ಇಂಜಿನ್ನು ಕುಟ್ಟಲಿಲ್ಲವೇ, ಬಿಸಿಯಾದಾಗ ಸ್ಟಾರ್ಟರ್ ಮುಷ್ಕರ ಹೂಡಲಿಲ್ಲವೇ? ಹೂಡಲಿಲ್ಲವಂತೆ. ಊರೆಲ್ಲ ಸಾಕ್ಷಿ ಹೇಳುತ್ತಿತ್ತು. ಹಾಗಾದರೆ ತಮಗೆ ಗೊತ್ತಿಲ್ಲದ ಏನೋ ಒಂದು ಅವನಿಗೆ ಗೊತ್ತಿತ್ತು. ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅಲ್ಲಿ. ಹೆಂಡತಿ ಮೊದಲು ಇನ್ನೊಬ್ಬನ ಹೆಂಡತಿಯಾಗಿದ್ದಳು ಎಂಬುದನ್ನು ನುಂಗಿಕೊಳ್ಳಬಹುದು, ಅವನು ತಮ್ಮ ಕಸುಬಿನಲ್ಲೂ ತಮಗಿಂತ ಮುಂದಿದ್ದ ಎಂಬುದನ್ನು ನುಂಗುವುದು ಹೇಗೆ?

ಹೀಗಿರುತ್ತಾ ಒಂದು ಬೆಳಗ್ಗೆ ಹೆಂಡತಿ ತಲೆ ಬಾಚಿಕೊಳ್ಳುತ್ತಾ ಹೇಳಿದಳು, "ರೀ, ಹಳೇ ಕಾರಿನೋರೆಲ್ಲ ಸೇರಿ ಬೆಟ್ಟದ ಮೇಲಕ್ಕೆ ಹೋಗ್ತಾರಂತೆ. ನಮ್ಮ ಗಾಡಿನೂ ಎಬ್ಬಿಸಿ ಕೊಡ್ತೀರಾ? ಒಂದೇ ಒಂದು ಸಲ ಅದನ್ನ ಮೇಲಕ್ಕೆ ಓಡಿಸ್ಬೇಕು ಅಂತ ಆಸೆ."

'ನಮ್ಮ ಗಾಡಿ' ಎಂದದ್ದು ಅವರ ಕಿವಿಗೆ ತಾಗಿತು. ಯಾವ ನಮ್ಮ? ಅದನ್ನು ಕೇಳಲಿಲ್ಲ. "ಆ ಇಂಜಿನ್ನಿಗೆ ಎರಡು ಹೆಡ್ಡು. ಎರಡೂ ಹೋಗಿರತ್ತೆ. ನೀರು ನಿಂತು ನಿಂತು ತಿಂದುಹಾಕಿರತ್ತೆ. ಹೊಸದು ಹುಡುಕಬೇಕು," ಎಂದರು.

"ನೀವಿದ್ದೀರಲ್ಲ," ಎಂದಳು ಅವಳು. ಮೇಷ್ಟ್ರಿಗೆ ಆ ಒಂದೇ ಪದ ಇಡೀ ದಿನಕ್ಕೆ ಸಾಕಾಯಿತು.

ಆ ದಿನವೇ ಅವರು ತೀರ್ಮಾನಿಸಿಬಿಟ್ಟರು. ಕಾರು ಬೆಟ್ಟ ಹತ್ತಬೇಕು, ಆದರೆ ಅವನು ಹತ್ತಿಸಿದಂತಲ್ಲ, ಅದಕ್ಕಿಂತ ಜೋರಾಗಿ. ಅವಳು ಇಳಿದು ಬಂದು, "ಆಗಿನ ಕಾಲದಲ್ಲೂ ಹೀಗೆ ಎಳೀತಿರಲಿಲ್ಲ ರೀ," ಎನ್ನಬೇಕು. ಆ ಒಂದು ಮಾತು ಬಿದ್ದರೆ ಈ ಮನೆಯಲ್ಲಿ ತಾವು ಎರಡನೆಯವರಲ್ಲ. ಬೀಳದಿದ್ದರೆ ಸಾಯುವ ತನಕ ಆ ಸೊಟ್ಟ ಫೋಟೋದ ಕೆಳಗೆ ಊಟ ಮಾಡುತ್ತಿರಬೇಕು.

ಗುಜರಿ ಅಂಗಡಿಯವನು ಮೇಷ್ಟ್ರ ಹಳೇ ಸ್ನೇಹಿತ. ಸೋಡಾಬುಡ್ಡಿ ಕನ್ನಡಕದ ಆಸಾಮಿ. ಯಾವ ಕಾರಿನ ಯಾವ ಮೂಳೆ ಯಾವ ರಾಶಿಯ ಅಡಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವನು. ಅವನು ಎರಡು ಜೊತೆ ಹೆಡ್ಡು ತೆಗೆದು ಹಲಗೆಯ ಮೇಲಿಟ್ಟ.

"ಇದು ಬೀಡು ಕಬ್ಬಿಣದ್ದು. ಇದೇ ಇಂಜಿನ್ ಮನೆಮಂದಿ ಓಡಾಡೋ ದೊಡ್ಡ ಕಾರಿಗೂ ಹಾಕ್ತಿದ್ರಲ್ಲ, ಅದರದ್ದು. ಒಳಗೆ ಪೆಟ್ರೋಲು ಉರಿಯೋ ಗುಂಡಿ ದೊಡ್ಡದು. ಹಾಕಿದ್ರೆ ಎಂಟೂವರೆಗೆ ನಿಲ್ಲತ್ತೆ. ಹಸು ಥರ ಹೋಗತ್ತೆ, ಹಸು ಥರ ಬರತ್ತೆ. ಇದು ಅಲ್ಯೂಮಿನಿಯಂದು. ಗುಂಡಿ ಚಿಕ್ಕದು. ಹಗುರ. ಕಾವು ಬೇಗ ಬಿಡತ್ತೆ, ಹಾಗಾಗಿ ಕಬ್ಬಿಣಕ್ಕಿಂತ ಸ್ವಲ್ಪ ಜಾಸ್ತಿ ಒತ್ತಿದ್ರೂ ತಡ್ಕೊಳತ್ತೆ. ಎಷ್ಟಕ್ಕೆ ಇಡ್ತೀರಿ?"

"ಹನ್ನೊಂದೂವರೆ."

ಗುಜರಿಯವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಊರಿಗೆಲ್ಲ ಒಂಬತ್ತೂವರೆ ಅಂತ ಪಾಠ ಹೇಳೋರು ನೀವು."

"ಅವನು ಹನ್ನೊಂದರಲ್ಲಿ ಓಡಿಸ್ತಿದ್ದ ತಾನೆ? ಅದೂ ಹಳೇ ಹೆಡ್ಡಲ್ಲಿ. ನನಗೆ ಅರ್ಧ ಹೆಚ್ಚು ಆಗಲ್ವಾ?"

"ಹನ್ನೊಂದಾ..." ಎಂದು ಗುಜರಿಯವನು ಏನೋ ಹೇಳಲು ಬಾಯಿ ತೆರೆದು, ಕೆಮ್ಮಿ, "ಮೊದಲು ಬಿಚ್ಚು ಅಂತ ನಿಮ್ಮ ಗೋಡೆ ಮೇಲೇ ಬರೆದಿದೆಯಲ್ಲ, ಒಂದ್ಸಲ ಬಿಚ್ಚಿ ನೋಡಿ ಮೇಷ್ಟ್ರೇ. ಹೆಡ್ಡು ಇಲ್ಲೇ ಇರತ್ತೆ, ಓಡಿಹೋಗಲ್ಲ," ಎಂದ.

ಮೇಷ್ಟ್ರು ಬಿಚ್ಚಲಿಲ್ಲ. ಬಟ್ಟೆ ಸರಿಸಿ ಆ ಕಾರಿನ ಬಾನೆಟ್ಟು ಎತ್ತಲು ಕೈ ಬರುತ್ತಿರಲಿಲ್ಲ. ಅವನ ಕೈಯಾಡಿದ ಬೋಲ್ಟು, ಅವನು ಒರೆಸಿದ ಪೈಪು. ಕೊನೆಗೆ ಕೈ ಹಾಕಲೇಬೇಕು, ಆದರೆ ಅದಕ್ಕೂ ಮೊದಲು ತಮ್ಮ ಕೆಲಸ ಮುಗಿಸಿಕೊಂಡು ಸಿದ್ಧವಾಗಿ ಹೋಗೋಣ ಎಂದುಕೊಂಡರು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದ ಮನುಷ್ಯ! ಹೊಟ್ಟೆಕಿಚ್ಚು ಎಂಬುದು ಗೋಡೆಯ ಮೇಲಿನ ಅಕ್ಷರ ಓದುವುದಿಲ್ಲ.

ಅಲ್ಯೂಮಿನಿಯಂ ಜೊತೆಯನ್ನು ಶೆಡ್ಡಿಗೆ ತಂದು ಶುರು ಹಚ್ಚಿಕೊಂಡರು. ಗುಂಡಿಯ ಬಾಯಿಗೆ ಗ್ರೀಸು ಸವರಿ, ಮೇಲೆ ತೂತಿರುವ ಗಾಜಿನಂಥ ಪ್ಲಾಸ್ಟಿಕ್ ಹಲಗೆ ಒತ್ತಿ, ಗೀಟು ಹಾಕಿದ ಸಣ್ಣ ಕೊಳವೆಯಿಂದ ಬಣ್ಣ ಬೆರೆಸಿದ ಸೀಮೆಎಣ್ಣೆಯನ್ನು ಹನಿಹನಿಯಾಗಿ ಬಿಟ್ಟರು. ಗುಂಡಿ ತುಂಬಿ ಹಲಗೆಯಡಿ ಗುಳ್ಳೆ ಇಲ್ಲದಂತಾದಾಗ ಎಷ್ಟು ಎಣ್ಣೆ ಹಿಡಿಯಿತೋ ಅಷ್ಟೇ ಗುಂಡಿಯ ಅಳತೆ. ಪ್ರತಿ ಗುಂಡಿಗೂ ಇದೇ ಕೆಲಸ. ಕೆಳಗಿನ ಇಂಜಿನ್ನಿನ ಲೆಕ್ಕವನ್ನು ಮಾತ್ರ ರಾಕೆಟ್‌ನ ಹನ್ನೊಂದರಿಂದ ಹಿಂದಕ್ಕೆ ಎಣಿಸಿ ತೆಗೆದರು. ಅವನ ಬಡಾಯಿಯನ್ನು ಸತ್ಯವೆಂದು ನಂಬಿ ಅದರ ಮೇಲೆ ಗಣಿತ ಕಟ್ಟಿದವರು ಇವರೊಬ್ಬರೇ. ಪ್ರೀತಿಸಿದವರೂ ಅವನನ್ನು ಅಷ್ಟು ನಂಬಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಗುಂಡಿ ಇನ್ನೂ ಸ್ವಲ್ಪ ಚಿಕ್ಕದಾಗಬೇಕು ಎಂದು ಹೆಡ್ಡಿನ ಮುಖವನ್ನು ಯಂತ್ರಕ್ಕೆ ಕೊಟ್ಟು ಕಡೆದರು. ಬೆಳ್ಳಗಿನ ಸುರುಳಿಗಳು ನೆಲಕ್ಕೆ ಬಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಡೆದ ಲೋಹದ ಪಾಡೂ ಅಷ್ಟೇ, ಮರಳಿ ಅಂಟಿಸಲು ಬಾರದು.

ಕೊನೆಗೆ ರಜೆಯ ದಿನ ನೋಡಿ, ಹಿತ್ತಲಿಗೆ ಹೋಗಿ ಬಟ್ಟೆ ಎಳೆದು ಬಾನೆಟ್ಟು ಎತ್ತಿದರು.

ಎರಡು ಹೆಡ್ಡುಗಳ ನಡುವೆ ಗಾಳಿ ಪೆಟ್ರೋಲು ಹಂಚುವ ಮ್ಯಾನಿಫೋಲ್ಡು ಕೂತಿರುತ್ತದೆ. ಅದನ್ನು ಮೊದಲು ಎತ್ತಿದರು. ಅದರ ಬೋಲ್ಟಿನ ತೂತುಗಳನ್ನು ನೋಡಿ ಹುಬ್ಬು ಗಂಟಿಕ್ಕಿತು. ದುಂಡಗಿರಬೇಕಾದ ತೂತುಗಳು ಮೊಟ್ಟೆಯ ಆಕಾರದಲ್ಲಿದ್ದವು. ಯಾರೋ ಅರದಿಂದ ಉಜ್ಜಿ ಉಜ್ಜಿ ಉದ್ದ ಮಾಡಿದ್ದರು. ಕಸುಬಿನವರ ಕೈಯಲ್ಲ, ಆದರೆ ತಾಳ್ಮೆಯ ಕೈ. ಒಂದು ತೂತಿನಲ್ಲೂ ಅರ ಜಾರಿದ ಗೀರಿಲ್ಲ. ಹೆಡ್ಡು ಇರಬೇಕಾದದ್ದಕ್ಕಿಂತ ಮೇಲೆ ಕೂತಿದ್ದರೆ ಮಾತ್ರ ತೂತನ್ನು ಹೀಗೆ ಉಜ್ಜಬೇಕಾಗುತ್ತದೆ. ಮೇಲೆ ಯಾಕೆ ಕೂತಿದೆ?

ಹೆಡ್ಡು ಎತ್ತಿದಾಗ ಉತ್ತರ ಸಿಕ್ಕಿತು. ಹೆಡ್ಡಿಗೂ ಇಂಜಿನ್ನಿಗೂ ನಡುವಿನ ಸಂದು ಮುಚ್ಚುವ ಗ್ಯಾಸ್ಕೆಟ್ಟು ಒಂದು ಇರಬೇಕಾದ ಕಡೆ ಎರಡು. ಎರಡರ ನಡುವೆ ಒಂದು ತಾಮ್ರದ ತಗಡು. ಸಿಲಿಂಡರಿಗೆ, ನೀರಿಗೆ, ಬೋಲ್ಟಿಗೆ ಎಲ್ಲದಕ್ಕೂ ತೂತು ಕೊರೆದು ಕೂರಿಸಿದ್ದು. ಇನ್ನೊಂದು ಹೆಡ್ಡಿನಡಿಯಲ್ಲೂ ಅಂಥದ್ದೇ. ಮೇಷ್ಟ್ರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಹೆಡ್ಡನ್ನು ಎತ್ತರಿಸಿದರೆ ಒಳಗಿನ ಜಾಗ ಹೆಚ್ಚುತ್ತದೆ, ಜಾಗ ಹೆಚ್ಚಿದರೆ ಒತ್ತುವುದು ಕಡಿಮೆಯಾಗುತ್ತದೆ. ಗುಂಡಿ ಅಳೆದರು, ತಗಡು ಅಳೆದರು, ಗ್ಯಾಸ್ಕೆಟ್ಟು ಅಳೆದರು, ಇನ್ನೊಮ್ಮೆ ಅಳೆದರು. ಒಂಬತ್ತಕ್ಕೆ ಒಂದು.

ಒಂಬತ್ತು! ಊರೆಲ್ಲ ಎದೆಯುಬ್ಬಿಸಿ ಹನ್ನೊಂದು ಎಂದ ರಾಕೆಟ್, ಕದ್ದುಮುಚ್ಚಿ ತಗಡು ತೂರಿಸಿ ಒಂಬತ್ತರಲ್ಲಿ ಓಡಿಸುತ್ತಿದ್ದ! ಮೇಷ್ಟ್ರಿಗೆ ಇಷ್ಟು ವರ್ಷದಲ್ಲಿ ಅಂಥ ಖುಷಿ ಆಗಿರಲಿಲ್ಲ. ನಾಚಿಕೆಯಿಲ್ಲದ ಖುಷಿ. ತಗಡು ಕತ್ತರಿಸಿದ ಕೈಯ ಬಗ್ಗೆ ಮಾತ್ರ ಒಂದು ಚೂರು ಅಸೂಯೆ ಉಳಿಯಿತು. ಅಂಚು ಎಲ್ಲೂ ಹರಿದಿಲ್ಲ, ತೂತು ಎಲ್ಲೂ ಓರೆಯಿಲ್ಲ. ಇಂಥ ಕೆಲಸಗಾರ ಸ್ನೇಹಿತನೂ ಇದ್ದನಲ್ಲ ಆ ಸುಳ್ಳುಬುರುಕನಿಗೆ, ಎಂದುಕೊಂಡರು. ಆಮೇಲೆ ಮಸಿ ಹಿಡಿದ ಆ ತಗಡನ್ನು ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು, ಕೈ ತೊಳೆಯುವುದನ್ನೂ ಮರೆತು, ಮಧ್ಯಾಹ್ನದ ಊಟಕ್ಕೆ ಒಳಗೆ ಬಂದರು.

ಮುದುಕಿ ಆಗಲೇ ಶುರು ಮಾಡಿದ್ದರು. "ನನ್ನ ಮಗ ಇದ್ದಿದ್ರೆ ಇಷ್ಟೊತ್ತಿಗೆ ಗಾಡಿ ಬೆಟ್ಟದ ತುದೀಲಿ ಇರ್ತಿತ್ತು ಮೇಷ್ಟ್ರೇ. ಹನ್ನೊಂದಕ್ಕೆ ಒಂದು ಅಂದ್ರೆ ಸುಮ್ನೇನಾ?"

"ಹನ್ನೊಂದಲ್ಲಮ್ಮ, ಒಂಬತ್ತು!" ಎಂದು ಮೇಷ್ಟ್ರು ಪತ್ರಿಕೆ ಬಿಚ್ಚಿ ತಗಡನ್ನು ಊಟದ ಮೇಜಿನ ಮೇಲೆ ಇಟ್ಟರು. "ನೋಡಿ. ಹೆಡ್ಡಿನ ಅಡಿ ಇದನ್ನ ತೂರಿಸಿದಾನೆ ನಿಮ್ಮ ಮಗ. ಬರೀ ಬುರುಡೆ. ಜೀವಮಾನ ಪೂರ್ತಿ ಬುರುಡೆ ಬಿಟ್ಟಿದಾನೆ!"

ಮುದುಕಿ ತಗಡನ್ನು ನೋಡಿದರು, ಸೊಸೆಯನ್ನು ನೋಡಿದರು. ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಅವಳು ಅಳುತ್ತಾಳೆ ಎಂದುಕೊಂಡರು ಮೇಷ್ಟ್ರು. ಅವಳು ನಗಲು ಶುರು ಮಾಡಿದಳು. ಮುದುಕಿಯೂ ಸೆರಗು ಬಾಯಿಗಿಟ್ಟುಕೊಂಡರು, ಭುಜ ಕುಣಿಯುತ್ತಿತ್ತು.

"ಅವರು ಬುರುಡೆ ಬಿಡಲಿಲ್ಲ ರೀ," ಎಂದಳು ಹೆಂಡತಿ ಕಣ್ಣೊರೆಸಿಕೊಂಡು. "ಅವರಿಗೆ ಗೊತ್ತೇ ಇರಲಿಲ್ಲ. ಅದನ್ನ ಹಾಕಿಸಿದ್ದು ನಾನು."

ಮೇಷ್ಟ್ರು ತಗಡನ್ನು ಮತ್ತೆ ಕೈಗೆತ್ತಿಕೊಂಡರು.

"ನಿಜಕ್ಕೂ ಹನ್ನೊಂದೇ ಇಟ್ಟಿದ್ರು. ಏರು ಬಂದ್ರೆ ಸಾಕು, ಒಳಗಿಂದ ಟಕಟಕ ಅಂತ ಕುಟ್ಟೋದು. ಬಿಸಿಯಾದ್ರೆ ಸ್ಟಾರ್ಟ್ ಆಗ್ತಿರಲಿಲ್ಲ, ನಾನು ರಸ್ತೆ ಮಧ್ಯೆ ನಿಂತು ಜನರ ಹತ್ರ ತಳ್ಳಿಸಿಕೊಂಡಿದ್ದು ಎಷ್ಟು ಸಲವೋ. ಹೇಳಿದ್ರೆ ಕೇಳ್ತಿರಲಿಲ್ಲ. ಕಮ್ಮಿ ಮಾಡಿದ್ರೆ ಮರ್ಯಾದೆ ಹೋಗತ್ತಂತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು, ಏನ್ ಮಾಡ್ಲಿ? ಅವರು ಪಂಪ್‌ಸೆಟ್ ಮಾರೋಕೆ ಊರು ಬಿಟ್ಟಾಗ ಗುಜರಿಯವರಿಗೆ ಹೇಳಿ ತಗಡು ಮಾಡಿಸಿದೆ. ಹೆಡ್ಡು ಗುಜರಿಯವರೇ ಬಿಚ್ಚಿ ಕೂರಿಸಿಕೊಟ್ರು. ತೂತು ನಾನು ಉಜ್ಜಿದೆ, ಅತ್ತೆ ಮ್ಯಾನಿಫೋಲ್ಡ್ ಹಿಡ್ಕೊಂಡಿದ್ರು."

"ನನ್ನ ಸೊಂಟ ಬಿದ್ದುಹೋಯ್ತು," ಎಂದರು ಮುದುಕಿ. "ಅವನು ಬಂದು ಒಂದು ಸುತ್ತು ಹೊಡೆದು ಏನಂದ ಗೊತ್ತಾ? 'ನೋಡಮ್ಮ, ಹನ್ನೊಂದರಲ್ಲಿ ಹ್ಯಾಗೆ ಬೆಣ್ಣೆ ಥರ ಓಡ್ತಿದೆ' ಅಂದ! ಸಾಯೋ ತನಕ ಅದನ್ನೇ ಅಂದ. ನನ್ನ ಮಗನಿಗೆ ದೇವರು ಬಾಯಿ ಕೊಟ್ಟಿದ್ದ, ಕಿವಿ ಕೊಡಲಿಲ್ಲ."

"ಮತ್ತೆ ದಿನಾ ಊಟದಲ್ಲಿ ಹನ್ನೊಂದು ಹನ್ನೊಂದು ಅಂತೀರಲ್ಲಮ್ಮ!"

"ಹೋದೋನ ಮಾತು ಅದು. ಅವನ ಪರವಾಗಿ ನಾನಲ್ಲದೆ ಇನ್ಯಾರು ಹೇಳ್ತಾರೆ?" ಎಂದರು ಮುದುಕಿ. ನಗು ನಿಂತಿತ್ತು.

ಮೇಷ್ಟ್ರ ಖುಷಿ ಎಲ್ಲಿ ಹೋಯಿತೋ ತಿಳಿಯಲಿಲ್ಲ, ಹೊಟ್ಟೆಯೊಳಗಿನ ಉರಿ ಮಾತ್ರ ಇಮ್ಮಡಿಯಾಗಿತ್ತು. ಅವನು ಸುಳ್ಳುಗಾರನಾಗಿದ್ದರೆ ಎಷ್ಟೋ ವಾಸಿಯಿತ್ತು. ಇದೇನಿದು? ಅವನ ಮರ್ಯಾದೆ ಹೋಗಬಾರದೆಂದು ಒಬ್ಬ ಹೆಣ್ಣು ಕೈಯಲ್ಲಿ ಬೊಕ್ಕೆ ಬರುವ ತನಕ ಅರ ಹಿಡಿದು ಉಜ್ಜಿದ್ದಾಳೆ. ತಮಗಾಗಿ ಯಾರು ಏನನ್ನು ಉಜ್ಜಿದ್ದಾರೆ?

"ತಗಡು ಕತ್ತರಿಸಿದ್ದು ಯಾರು?" ಎಂದು ಕೇಳಿದರು. "ಒಳ್ಳೇ ಕೈ."

ಹೆಂಡತಿ ಮೇಜು ಒರೆಸುವ ಬಟ್ಟೆ ತೆಗೆದುಕೊಂಡು ಸೀಮೆಎಣ್ಣೆಯಲ್ಲಿ ಅದ್ದಿ ಅವರ ಕೈಗೆ ಕೊಟ್ಟಳು. "ಆ ಮೂಲೆ ಒರೆಸಿ."

ಒರೆಸಿದರು. ಮಸಿಯ ಅಡಿಯಲ್ಲಿ, ಅಂಟಿನ ಪದರದ ಅಡಿಯಲ್ಲಿ, ಅಕ್ಕಪಕ್ಕ ಎರಡು ಚುಕ್ಕೆ.

"ಗುಜರಿಯವರು ಕಾಗದದ ನಮೂನೆ ತಂದುಕೊಟ್ಟು ಮಾಡಿಸಿಕೊಂಡು ಹೋದ್ರು. ಯಾವ ಗಾಡಿ ಅಂತ ನೀವು ಕೇಳಲೂ ಇಲ್ಲವಂತೆ," ಎಂದಳು ಅವಳು. "ನಾನು ಕೇಳಿದೆ, ಇದನ್ನ ಮಾಡಿದ್ದು ಯಾರು ಅಂತ. ಆಮೇಲೆ ಸ್ಕೂಲ್ ಗಾಡಿ ಹೆಡ್ಡು ಬಾಗಿದಾಗ ನಾನು ಬೇರೆ ಎಲ್ಲಿಗೂ ಹೋಗಲಿಲ್ಲ."

ಇಷ್ಟು ವರ್ಷ ತಮ್ಮ ಕೆಲಸದ ಮೇಲೆ ತಾವೇ ಕರುಬಿದ್ದರು ಮೇಷ್ಟ್ರು. ಅದು ಗೊತ್ತಾದಾಗ ಮೊದಲು ಬಂದದ್ದು ಸಂತೋಷವಲ್ಲ, ಯಂತ್ರದಡಿ ಬಿದ್ದಿದ್ದ ಆ ಬೆಳ್ಳಗಿನ ಸುರುಳಿಗಳ ನೆನಪು. ತಗಡಿಲ್ಲದೆ ಆ ಹೆಡ್ಡು ಕೂರಿಸಿದರೆ ಹನ್ನೊಂದೂವರೆ. ಬೆಟ್ಟದ ಎರಡನೆಯ ತಿರುವಿಗೆ ಕುಟ್ಟಲು ಶುರುವಾಗಿ, ಮೇಲೆ ತಲುಪುವಷ್ಟರಲ್ಲಿ ಪಿಸ್ಟನ್ನು ಒಡೆದಿರುತ್ತದೆ. ಆ ಪಿಸ್ಟನ್ನು ಈಗ ಎಲ್ಲಿಯೂ ಸಿಗುವುದಿಲ್ಲ.

"ನಾನು ಹನ್ನೊಂದೂವರೆಗೆ ಕಡೆದುಬಿಟ್ಟಿದೀನಿ," ಎಂದರು, ನೆಲ ನೋಡುತ್ತಾ.

ಅವಳ ಮುಖದಲ್ಲಿದ್ದ ನಗು ಪೂರ್ತಿ ಹೋಯಿತು. "ಯಾರಿಗೋಸ್ಕರ?"

ಮೇಷ್ಟ್ರ ಕಣ್ಣು ಗೋಡೆಯ ಫೋಟೋ ಕಡೆ ಹೋಯಿತು.

"ಗಾಡಿ ಓಡಿಸೋಳು ನಾನು. ಆವಾಗ ಅವರೂ ನನ್ನ ಕೇಳಲಿಲ್ಲ, ಈಗ ನೀವೂ ಕೇಳಲಿಲ್ಲ. ಅವರಿಗೆ ಊರಿನ ಎದುರು ಗೆಲ್ಲಬೇಕಿತ್ತು, ನಿಮಗೆ ಫೋಟೋ ಎದುರು. ದಿನಾ ಅದನ್ನ ಸೊಟ್ಟ ಮಾಡೋದು ಬೆಕ್ಕು ಅಂದ್ಕೊಂಡಿದೀನಿ ಅಂತ ತಿಳ್ಕೊಂಡ್ರಾ?"

ಮುದುಕಿ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದರು, ಬಾಗಿಲ ಹಿಂದೆಯೇ ನಿಂತರು. ಮೇಷ್ಟ್ರು ಆ ಎರಡು ಚುಕ್ಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, ಗಿರಾಕಿಗಳನ್ನು ಕೇಳುವ ಹಾಗೆ, ಆದರೆ ಗಿರಾಕಿಗಳ ಎದುರು ಎಂದೂ ಇರದಷ್ಟು ಮೆತ್ತಗೆ ಕೇಳಿದರು, "ನಿನಗೆ ಗಾಡಿ ಹೇಗಿರಬೇಕು, ಹೇಳು."

"ಬಿಸಿಯಾಗಿದ್ರೂ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ಬೇಕು. ಏರಲ್ಲಿ ಕುಟ್ಟಬಾರದು. ಕೊನೇ ತಿರುವಲ್ಲಿ ಒಂಚೂರು ಕಾಲು ಒತ್ತಿದ್ರೆ ಎದೆ ಝಲ್ ಅನ್ನಬೇಕು. ಅಷ್ಟೇ."

ಮೇಷ್ಟ್ರು ಮತ್ತೆ ಲೆಕ್ಕಕ್ಕೆ ಕೂತರು. ಈ ಸಲ ಎಲ್ಲವನ್ನೂ ಬಿಚ್ಚಿ, ಎಲ್ಲವನ್ನೂ ಅಳೆದು. ಕಡೆದ ಹೆಡ್ಡಿನಡಿ ಅದೇ ಹಳೇ ತಾಮ್ರದ ತಗಡು, ಮೇಲೊಂದು ಕೆಳಗೊಂದು ಹೊಸ ಗ್ಯಾಸ್ಕೆಟ್ಟು ಇಟ್ಟರೆ ಒಂಬತ್ತೂ ಚಿಲ್ಲರೆ ಬಂತು. ತಗಡನ್ನು ಕಾಯಿಸಿ ಮೆದು ಮಾಡಿ, ಕರಿಕಲ್ಲಿನ ಮೇಲೆ ಮಟ್ಟ ನೋಡಿದರು. ಪಿಸ್ಟನ್ನಿನ ತಲೆಗೆ ಮೇಣದಂಥ ಮಣ್ಣು ಮೆತ್ತಿ, ಇಂಜಿನ್ನು ಕೈಯಿಂದ ತಿರುಗಿಸಿ, ವಾಲ್ವು ಎಲ್ಲೂ ಬಡಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಅವಳು ಉಜ್ಜಿದ ಮೊಟ್ಟೆಯಾಕಾರದ ತೂತುಗಳಲ್ಲಿ ಬೋಲ್ಟುಗಳು ಸರಿಯಾಗಿ ಇಳಿದವು. ಆ ತೂತುಗಳನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಚುರುಕ್ ಎನ್ನುತ್ತಲೇ ಇತ್ತು. ಇದು ಹೋಗುವ ಕಾಯಿಲೆಯಲ್ಲ, ಇದರ ಜೊತೆಯೇ ಬಾಳಬೇಕು ಎಂದುಕೊಂಡರು.

ಬೆಟ್ಟದ ದಿನ ಮುದುಕಿ ಪಕ್ಕದ ಸೀಟಿನಲ್ಲಿ ಕೂತರು. ಎರಡೇ ಸೀಟು, ಹಾಗಾಗಿ ಮೇಷ್ಟ್ರು ಗುಜರಿಯವನ ಡಬ್ಬಾ ವ್ಯಾನಿನಲ್ಲಿ ಹಿಂದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿವಿಗೊಟ್ಟರು. ಮೊದಲ ತಿರುವು, ಎರಡನೆಯ ತಿರುವು. ಕುಟ್ಟಲಿಲ್ಲ. ಕೊನೆಯ ತಿರುವಿನಲ್ಲಿ ಕೆಂಪು ಕಾರು ಒಮ್ಮೆ ಗುಡುಗಿ ಚಿಮ್ಮಿ ಮರೆಯಾಯಿತು. ಗುಜರಿಯವನು ಏನೋ ಹೇಳಿದ್ದು ಅವರಿಗೆ ಕೇಳಿಸಲಿಲ್ಲ.

ಬೆಟ್ಟದ ತುದಿಯಲ್ಲಿ ಹಳೇ ಕಾರಿನವರು ಮುತ್ತಿಕೊಂಡಿದ್ದರು. ರಾಕೆಟ್‌ನ ಕಾಲದಲ್ಲಿ ಅವನ ಎದುರು ಸೋತು ಸೋತು ಈಗ ತಲೆ ಬೆಳ್ಳಗಾದ ಒಬ್ಬ ಮನುಷ್ಯ ಬಾನೆಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ ಮೇಷ್ಟ್ರೇ, ಹೆಡ್ಡು ಬದಲಾಯಿಸಿದ್ರಂತೆ. ಎಷ್ಟಕ್ಕೆ ಇಳಿಸಿದ್ರಿ? ನಮ್ಮ ರಾಕೆಟ್ ಹನ್ನೊಂದು ಅಂತ ಬಡಾಯಿ ಕೊಚ್ಚುತ್ತಿದ್ದ. ನನಗಂತೂ ಅವತ್ತೂ ನಂಬಿಕೆ ಇರಲಿಲ್ಲ, ಇವತ್ತೂ ಇಲ್ಲ. ಬಿಚ್ಚಿ ನೋಡಿದೋರು ನೀವು. ನಿಜ ಹೇಳಿ, ಎಷ್ಟಿತ್ತು?" ಎಂದು ಕೇಳಿದ.

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅಳತೆಯ ವಿಷಯದಲ್ಲಿ ಅವರು ಸುಳ್ಳಾಡಿದ್ದನ್ನು ಕಂಡವರು ಅಲ್ಲಿ ಯಾರೂ ಇರಲಿಲ್ಲ. ಹೆಂಡತಿ ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿದ್ದಳು. ಮುದುಕಿಯ ಕೈ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿತ್ತು. ಇಷ್ಟು ವರ್ಷ ಕಾದ ಗಳಿಗೆ, ಒಂದೇ ಪದ ಸಾಕು. ಮೇಷ್ಟ್ರಿಗೆ ಆ ಪದ ನಾಲಿಗೆಯ ತುದಿಗೆ ಬಂದು ಸಿಹಿಯಾಗಿ ಕೂತಿತು.

"ಹನ್ನೊಂದೇ ಇತ್ತು," ಎಂದರು. "ನಾನೇ ಅಳೆದೆ. ಈಗಲೂ ಅಷ್ಟೇ ಇಟ್ಟಿದೀನಿ. ಅವನು ಮಾಡಿದ್ದನ್ನ ಕೆಡಿಸೋಕೆ ನಾನ್ಯಾರು?"

ತಲೆ ಬೆಳ್ಳಗಾದವನು ಪೆಚ್ಚಾಗಿ ತನ್ನ ಕಾರಿನ ಕಡೆ ನಡೆದ. ಗುಜರಿಯವನು ಕನ್ನಡಕ ತೆಗೆದು ಒರೆಸಿಕೊಂಡ. ಮುದುಕಿ ಕಷ್ಟಪಟ್ಟು ಕಾರಿನಿಂದ ಇಳಿದು, ಕೋಲೂರಿಕೊಂಡು ಮೇಷ್ಟ್ರ ಹತ್ತಿರ ಬಂದರು.

"ಸುಳ್ಳು ಹೇಳೋದೂ ಕಲಿತುಬಿಟ್ರಲ್ಲ ಮೇಷ್ಟ್ರೇ," ಎಂದರು ಪಿಸುದನಿಯಲ್ಲಿ. "ಇವತ್ತು ನಮ್ಮ ಮನೆಯೋರಾದ್ರಿ. ಹೋಗಿ, ಇಳಿಯುವಾಗ ನೀವು ಕೂತ್ಕೊಳ್ಳಿ. ನಾನು ಡಬ್ಬಾದಲ್ಲಿ ಬರ್ತೀನಿ."

ಇಂಜಿನ್ನು ಇನ್ನೂ ಬಿಸಿಯಾಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎರಡು ತಿರುವು ಇಳಿದರು. ಮೇಷ್ಟ್ರ ತಲೆಯಲ್ಲಿ ಒಂದೇ ಯೋಚನೆ ಗುಂಗಿಹುಳದ ಹಾಗೆ ಸುತ್ತುತ್ತಿತ್ತು. ಒಬ್ಬ ಗಂಡನಿಗೆ ಗೊತ್ತೇ ಆಗದ ಹಾಗೆ ಅವನನ್ನು ಒಂಬತ್ತಕ್ಕೆ ಇಳಿಸಿದ ಹೆಣ್ಣು, ಎರಡನೆಯವನನ್ನು ಸುಮ್ಮನೆ ಬಿಟ್ಟಿರುತ್ತಾಳೆಯೇ?

"ಒಂದು ಕೇಳ್ತೀನಿ, ನಿಜ ಹೇಳ್ಬೇಕು," ಎಂದರು. "ನನಗೆ ಯಾವ ತಗಡು ಹಾಕಿದೀಯಾ?"

ಅವಳು ಗೇರು ಇಳಿಸಿದಳು, ತಿರುವು ನೋಡಿಕೊಂಡು ನಿಧಾನವಾಗಿ ಕಾರು ತಿರುಗಿಸಿದಳು.

"ಗೊತ್ತಾಗಬಾರದು ಅಂತಾನೇ ಅಲ್ವಾ ಹಾಕೋದು," ಎಂದಳು.

ಮನೆ ತಲುಪಿದ ಮೇಲೆ ಮೇಷ್ಟ್ರು ನಡುಮನೆಯಲ್ಲಿ ನಿಂತು ಫೋಟೋ ನೆಟ್ಟಗೆ ಮಾಡಿದರು. ಸ್ವಲ್ಪ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಮಟ್ಟ ನೋಡಿದರು. ಇನ್ನೂ ಕೂದಲೆಳೆಯಷ್ಟು ಓರೆಯಿತ್ತು. ಅಷ್ಟು ಇರಲಿ ಎಂದು ಬಿಟ್ಟು ಕೈ ತೊಳೆಯಲು ಹೋದರು.